ಮೂರನೇ ಸಾಲಿನ ಹಸಿರು ಟಿಕ್

ಕಂಪನಿಯಮ್ಮ ಬೆಳಿಗ್ಗೆ ಒಂಬತ್ತಕ್ಕೆ ಬೈಯಲು ಶುರುಮಾಡಿದರೆ ಹನ್ನೊಂದರ ಹೊತ್ತಿಗೆ ಎದುರುಮನೆ ಗೋಡೆಯ ಸುಣ್ಣ ಉದುರುತ್ತಿತ್ತು. ಅವಳ ನಾದಿನಿಯ ನಾಲಿಗೆ ಅದಕ್ಕಿಂತ ಒಂದು ಗೇಣು ಉದ್ದ. ಇಂಥ ಅತ್ತಿಗೆ ನಾದಿನಿ ಒಂದೇ ಕೋಣೆಯಲ್ಲಿ ಕೂತು, ಒಬ್ಬರ ತಲೆ ಒಬ್ಬರು ಒಡೆಯದೆ, ಆರು ವರ್ಷದಿಂದ ವೆಬ್‌ಸೈಟ್ ಕಟ್ಟುವ ಕಂಪನಿ ನಡೆಸುತ್ತಿದ್ದರು. ಮೂರು ಲೋಕದಲ್ಲೂ ಇಂಥ ಪವಾಡ ಎರಡನೇ ಸಲ ನಡೆದಿಲ್ಲ. ಅತ್ತಿಗೆ ಗಿರಾಕಿಗಳನ್ನು ಹಿಡಿದು ತರುವವಳು, ನಾದಿನಿ ಕೋಡ್ ಬರೆಯುವವಳು. ಹೆರಿಗೆ ಆಸ್ಪತ್ರೆಯಿಂದ ಹಿಡಿದು ಶವಪೆಟ್ಟಿಗೆ ಮಾಡುವವನ ತನಕ ಎಲ್ಲರೂ ಇವರ ಕೈಯಲ್ಲೇ ವೆಬ್‌ಸೈಟ್ ಮಾಡಿಸಿಕೊಂಡವರು. ಇವೆರಡರ ನಡುವೆ ಬೇರೆ ಕಂಪನಿಗೆ ಹೋದವರಿದ್ದರೆ ಅದು ಅವರ ಹಣೆಬರಹ.

ಈಗಿನ ಕೋಣೆ ಮಾತ್ರ ಬಡಾವಣೆಯ ಸಂಘದ್ದು, ಹೋದ ವರ್ಷ ಸಿಕ್ಕಿದ್ದು. ಕೆಳಗೆ ಸಭಾಂಗಣ, ಮೇಲೆ ಗ್ರಂಥಾಲಯ, ಗ್ರಂಥಾಲಯದ ಪಕ್ಕದಲ್ಲಿ ಕಂಪನಿ. ಸಂಘದ ವೆಬ್‌ಸೈಟನ್ನು ಕಟ್ಟಿ ನೋಡಿಕೊಳ್ಳಬೇಕು, ಶನಿವಾರ ಬಡಾವಣೆಯವರು ಯಾರೇ ಬಂದರೂ ಕಂಪ್ಯೂಟರಿನಲ್ಲಿ ಅರ್ಜಿ ತುಂಬುವುದನ್ನು ಹೇಳಿಕೊಡಬೇಕು, ಬದಲಿಗೆ ಕೋಣೆ ಇವರದು: ಇದು ಒಪ್ಪಂದ. ಒಪ್ಪಂದ ಮುರಿದರೆ ಕಂಪನಿ ಮನೆಗೆ ಹೋಗಬೇಕು. ಮನೆಯಲ್ಲಿ ಈ ಇಬ್ಬರನ್ನೂ ಒಂದೇ ತುತ್ತಿಗೆ ನುಂಗಿ ನೀರು ಕುಡಿಯುವ ಅತ್ತೆ ಇದ್ದರು. ಅಲ್ಲಿ ಕಂಪನಿ ಮೂರು ದಿನ ಬದುಕಿದರೆ ಹೆಚ್ಚು.

ಸಂಘದ ಕಾರ್ಯದರ್ಶಿ ಕಂಪನಿಯಮ್ಮನ ಸ್ವಂತ ಸೋದರಮಾವ. ಮೇಜಿನ ಮೇಲೊಂದು ಹಿತ್ತಾಳೆ ಗಂಟೆ ಇಟ್ಟುಕೊಂಡು, ಯಾರು ಬಾಯಿ ತೆರೆದರೂ ಬಾರಿಸುತ್ತಿದ್ದುದರಿಂದ ಅವರಿಗೆ ಗಂಟೆ ಮಾವ ಎಂದೇ ಹೆಸರು. ಸೊಸೆಯ ವೆಬ್‌ಸೈಟ್ ಶುರುವಾದ ದಿನವೇ ಅವರು ಸಭಾಂಗಣದ ಬಾಗಿಲಿಗೆ ಬೋರ್ಡು ಹೊಡೆಸಿದ್ದರು: 'ದೂರುಗಳನ್ನು ಬಾಯಲ್ಲಿ ಸ್ವೀಕರಿಸುವುದಿಲ್ಲ. ವೆಬ್‌ಸೈಟಿನಲ್ಲಿ ಬರೆಯಿರಿ.' ಅಂದಿನಿಂದ ದಾರಿಯಲ್ಲಿ ಯಾರಾದರೂ 'ಸ್ವಾಮಿ, ನಮ್ಮ ನಲ್ಲಿ' ಎಂದರೆ ಸಾಕು, ಜೇಬಿನಿಂದ ಇನ್ನೊಂದು ಚಿಕ್ಕ ಗಂಟೆ ಹೊರಬರುತ್ತಿತ್ತು.

ಎಂಟು ತಿಂಗಳಾದ ಮೇಲೆ, ಒಂದು ಸೋಮವಾರ, ಮಾವ ಮೆಟ್ಟಿಲು ಹತ್ತಿ ಬಂದು ಒಂದು ಪತ್ರವನ್ನು ಕೀಲಿಮಣೆಯ ಮೇಲೆಯೇ ಇಟ್ಟರು.

"ಭಾನುವಾರ ಸಭೆ. ಈ ಕೋಣೆ ಸಂಘಕ್ಕೆ ಬೇಕು, ಕುರ್ಚಿ ಇಡೋಕೆ."

"ಕುರ್ಚಿಗಳು ನಿಮ್ಮ ಹತ್ರ ಬಂದು ಮನೆ ಕೇಳಿದ್ವಾ?" ಕಂಪನಿಯಮ್ಮ ಕೇಳಿದಳು. ಚಿಕ್ಕವಳಿದ್ದಾಗ ಅವಳು ಮಾವನನ್ನು 'ನೀನು' ಎನ್ನುತ್ತಿದ್ದಳು. ಜಗಳ ಬೆಳೆದಂತೆ ಮರ್ಯಾದೆಯೂ ಬೆಳೆದಿತ್ತು.

"ಕುರ್ಚಿಯಾದ್ರೂ ಕೂರೋಕೆ ಬರುತ್ತೆ. ನಿಮ್ಮ ವೆಬ್‌ಸೈಟು ಯಾತಕ್ಕೆ ಬರುತ್ತೆ? ಎಂಟು ತಿಂಗಳಾಯ್ತು, ಒಂದು ದೂರು ಬಂದಿಲ್ಲ. ಸೊಳ್ಳೆ ಕೂಡ ಬಂದು ಕೂತಿಲ್ಲ ಅದರ ಮೇಲೆ."

"ದೂರು ಬರದಿದ್ರೆ ನಿಮ್ಮ ಆಡಳಿತ ಅಷ್ಟು ಚೆನ್ನಾಗಿದೆ ಅಂತ ಸಭೆಯಲ್ಲಿ ಹೇಳ್ಕೊಂಡ್ರಂತೆ?"

"ಅದೂ ನಿಜ, ಇದೂ ನಿಜ," ಎಂದು ಮಾವ ಇಳಿದುಹೋದರು. ಆ ಮೆಟ್ಟಿಲಿಗೆ ಕಂಬಿಯ ಹಿಡಿಕೆ ಇರಲಿಲ್ಲ. ಗೋಡೆಗೆ ಕೈಯೂರಿ, ಸುಣ್ಣ ಮೆತ್ತಿಕೊಂಡು ಇಳಿಯಬೇಕು.

ಅವರು ಕೊನೆಯ ಮೆಟ್ಟಿಲು ಮುಟ್ಟುವ ಮೊದಲೇ ಕಂಪನಿಯಮ್ಮ ನಾದಿನಿಯ ಕಡೆ ತಿರುಗಿದಳು. "ನಿನ್ನ ಫಾರ್ಮೇ ಕೆಟ್ಟಿರ್ಬೇಕು. ನೀನು ಬರೆದ ಕೋಡು ಅಂದಮೇಲೆ ಕೇಳ್ಬೇಕಾ."

"ಅತ್ತಿಗೆ, ನಾನು ಬರೆದ ಕೋಡು ನಾಳೆ ಪ್ರಳಯ ಆದ್ರೂ ಓಡ್ತಿರುತ್ತೆ," ಎಂದ ನಾದಿನಿ ಸಂಘದ ಪುಟ ತೆರೆದು, ದೂರಿನ ಜಾಗದಲ್ಲಿ 'ಕಾರ್ಯದರ್ಶಿಗಳ ಗಂಟೆ ಬಿರುಕು ಬಿಡಲಿ' ಎಂದು ಬರೆದು ಕಳಿಸಿದಳು. ತೆರೆಯ ಮೇಲೆ ವಿನಯದ ಸಾಲು ಮೂಡಿತು: 'ಧನ್ಯವಾದ, ನಿಮ್ಮ ದೂರು ತಲುಪಿದೆ.'

"ತಲುಪಿದೆಯಂತೆ. ಯಾರಿಗೆ?"

ನಾದಿನಿ ಅರ್ಧ ನಿಮಿಷ ಏನೋ ಹುಡುಕಿದಳು. ಆಮೇಲೆ ತೆರೆಯನ್ನು ಅತ್ತಿಗೆಯ ಕಡೆ ತಿರುಗಿಸಿದಳು.

ವೆಬ್‌ಸೈಟ್ ಕಟ್ಟುವಾಗ ಪ್ರಯೋಗಕ್ಕೆಂದು ಕಳಿಸುವ ಇಮೇಲ್ ಪತ್ರಗಳು ಗಿರಾಕಿಗೆ ಹೋಗಿ ತಲೆ ತಿನ್ನಬಾರದೆಂದು, ಅವು ಕಂಪನಿಯದೇ ಒಂದು ಪರೀಕ್ಷೆಯ ಅಂಚೆಪೆಟ್ಟಿಗೆಗೆ ಬೀಳುವಂತೆ ಮಾಡಿರುತ್ತಾರೆ. ಕೆಲಸ ಒಪ್ಪಿಸುವ ದಿನ ಆ ವಿಳಾಸ ತೆಗೆದು ಗಿರಾಕಿಯ ವಿಳಾಸ ಹಾಕಬೇಕು. ಇದನ್ನು ಇಲ್ಲಿ ಬದಲಾಯಿಸಿರಲೇ ಇಲ್ಲ. ಪರೀಕ್ಷೆಯ ಪೆಟ್ಟಿಗೆಯನ್ನು ಯಾರೂ ತೆರೆಯುವುದಿಲ್ಲ. ನಾದಿನಿ ಈಗ ತೆರೆದಳು. ಗಂಟೆ ಬಿರುಕು ಬಿಡಲೆಂಬ ಹೊಸ ಶಾಪದ ಕೆಳಗೆ ಮುನ್ನೂರ ಹದಿನೇಳು ದೂರುಗಳು ಉಸಿರು ಬಿಗಿಹಿಡಿದು ಕೂತಿದ್ದವು.

ಒಪ್ಪಿಸುವ ದಿನ ನೋಡಲೇಬೇಕಾದ ಐದು ಸಾಲಿನ ಪಟ್ಟಿ ಪ್ರತಿ ವೆಬ್‌ಸೈಟಿಗೂ ಒಂದರಂತೆ ಗೋಡೆಯ ಮೊಳೆಗೆ ಚುಚ್ಚಿರುತ್ತಿತ್ತು. ನಾದಿನಿಗೆ ನೀಲಿ ಪೆನ್ನು, ಅತ್ತಿಗೆಗೆ ಹಸಿರು. ತಪ್ಪು ಯಾರದೆಂದು ಮುಂದೆ ಜಗಳವಾಡಲು ಅನುಕೂಲವಾಗಲಿ ಎಂದು ಕಂಪನಿಯಮ್ಮನೇ ಮಾಡಿದ ಏರ್ಪಾಡು. ಅವಳು ಎದ್ದುಹೋಗಿ ಸಂಘದ ಹಾಳೆ ಹುಡುಕಿ ತೆಗೆದಳು. ಮೂರನೇ ಸಾಲು: 'ಪತ್ರ ಹೋಗುವ ವಿಳಾಸ ಬದಲಿಸಿದೆ.' ಅದರ ಮುಂದಿನ ಟಿಕ್ ಹಸಿರು. ಸಾಮಾನ್ಯ ಟಿಕ್ ಕೂಡ ಅಲ್ಲ. ಬಾಲ ಬಿಟ್ಟ, ಹಾಳೆಯ ಅಂಚಿನ ತನಕ ಹಾರಿದ, ಗರ್ವ ಉಕ್ಕಿ ಹರಿಯುವ ಟಿಕ್. ಐದು ಸಾಲನ್ನೂ ಒಂದೇ ಉಸಿರಿಗೆ, ನೋಡದೆ, ಎಳೆದುಬಿಟ್ಟಿದ್ದು ಅವಳಿಗೆ ನೆನಪಾಯಿತು. 'ನನ್ನ ಕೈ ಮರೆತಿದ್ದುಂಟಾ' ಎಂದು ಅಂದು ಅಂದಿದ್ದೂ ನೆನಪಾಯಿತು.

"ಯಾವ ಬಣ್ಣ ಅತ್ತಿಗೆ?" ನಾದಿನಿ ಕೇಳಿದಳು. ಅವಳಿಗೆ ಗೊತ್ತಿತ್ತು.

"ಸುಮ್ನಿರೆ."

ಇಬ್ಬರೂ ದೂರುಗಳನ್ನು ಓದುತ್ತ ಕೂತರು. ಕಸದ ಗಾಡಿ ಬಾರದ್ದು, ಬೀದಿದೀಪ ಹಗಲಿಡೀ ಉರಿಯುವುದು, ಕಾರ್ಯದರ್ಶಿಯ ಗಂಟೆಯಿಂದ ಒಬ್ಬರಿಗೆ ತಲೆನೋವು ಬಂದದ್ದು. ಕಂಪನಿಯ ಇಬ್ಬರು ಹೆಂಗಸರ ಕಿರುಚಾಟಕ್ಕೆ ಗ್ರಂಥಾಲಯದಲ್ಲಿ ಒಂದು ಪುಟವೂ ಓದಲಾಗದು ಎಂದು ಇಪ್ಪತ್ತಾರು. ಮತ್ತೆ ಮೂಲೆಮನೆ ದರ್ಜಿಯ ಹನ್ನೊಂದು. ಶನಿವಾರ ಇದೇ ಕೋಣೆಗೆ ಬಂದು, ಇದೇ ಕಂಪನಿಯಮ್ಮನ ಕೈಯಲ್ಲಿ ಟೈಪ್ ಮಾಡಲು ಕಲಿತ ಮುದುಕ. ಮೊದಲನೆಯದು: 'ಗ್ರಂಥಾಲಯದ ಮೆಟ್ಟಿಲಿಗೆ ಹಿಡಿಕೆ ಹಾಕಿಸಿ. ನನ್ನಂಥವರು ಜಾರುತ್ತೇವೆ.' ಎಂಟನೆಯದು: 'ಹಿಡಿಕೆ ಏನಾಯಿತು?' ಹನ್ನೊಂದನೆಯದು: 'ಬಿದ್ದೆ. ಕಾಲು ಮುರಿದಿದೆ. ಇನ್ನು ಹಿಡಿಕೆ ನಿಧಾನವಾಗಿ ಹಾಕಿಸಿ, ನನಗೆ ಅವಸರವಿಲ್ಲ.'

ಕಂಪನಿಯಮ್ಮ ಅದನ್ನು ಎರಡು ಸಲ ಓದಿದಳು. ಅವನಿಗೆ 'ಳ' ಅಕ್ಷರ ಎಲ್ಲಿದೆಯೆಂದು ತೋರಿಸಿಕೊಟ್ಟವಳು ಅವಳೇ.

ನಾದಿನಿ ಕುರ್ಚಿ ಹತ್ತಿರ ಎಳೆದಳು. "ಕೇಳಿ. ಎಲ್ಲವನ್ನೂ ಪ್ರಿಂಟ್ ತೆಗೆಯೋಣ. ಸಭೆಯಲ್ಲಿ ಮೇಜಿನ ಮೇಲೆ ಇಡೋಣ. ಎಲ್ಲಿತ್ತು ಅಂತ ಹೇಳೋದೇ ಬೇಡ. ನಿಮ್ಮ ಮಾವ ಪತ್ರ ಬಂದ್ರೂ ನೋಡಿಲ್ಲ ಅಂತ ಜನ ತಾವೇ ಅಂದ್ಕೋತಾರೆ. ಅವ್ರಿಗೆ ಕಂಪ್ಯೂಟರಿಗೂ ಕಪಾಟಿಗೂ ವ್ಯತ್ಯಾಸ ಗೊತ್ತಿಲ್ಲ, ಏನಂತ ವಾದ ಮಾಡ್ತಾರೆ?"

"ಸುಳ್ಳು ಹೇಳೋದಾ?"

"ಹೇಳೋದಲ್ಲ. ಹೇಳದೆ ಇರೋದು. ನಿಮಗೆ ಅಭ್ಯಾಸ ಇಲ್ಲ, ಗೊತ್ತು."

ಕಂಪನಿಯಮ್ಮ ಪ್ರಿಂಟರಿಗೆ ಕಾಗದ ತುಂಬಿದಳು.

ಭಾನುವಾರ ಬೆಳಿಗ್ಗೆ ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ನಿಂತವರ ಹೆಗಲ ಮೇಲೆ ಇನ್ನಷ್ಟು ಜನ ನಿಂತಂತಿತ್ತು. ಗಂಟೆ ಮಾವ ಬಾರಿಸಿದರು. "ಎಂಟು ತಿಂಗಳಲ್ಲಿ ಒಂದೇ ಒಂದು ದೂರಿಲ್ಲ. ಇಂಥ ಆಡಳಿತ ಎಲ್ಲಾದ್ರೂ ಇದ್ರೆ ತೋರಿಸಿ."

ಕಂಪನಿಯಮ್ಮ ಎದ್ದುಹೋಗಿ ಮುನ್ನೂರ ಹದಿನೇಳು ಹಾಳೆಗಳ ಕಟ್ಟನ್ನು ಗಂಟೆಯ ಪಕ್ಕದಲ್ಲಿ ಧೊಪ್ಪನೆ ಇಟ್ಟಳು. ಆ ಸದ್ದಿಗೆ ಗಂಟೆ ತಾನಾಗಿ ಒಂದು ಸಲ ಮಿಡಿಯಿತು. "ನಿಮ್ಮ ವೆಬ್‌ಸೈಟಿಗೆ ಸೊಳ್ಳೆ ಕೂಡ ಬರಲ್ಲ ಅಂದ್ರಲ್ಲ. ಎಣಿಸ್ಕೊಳ್ಳಿ."

ಮೊದಲ ಸಾಲಿನವರು ಒಂದೊಂದು ಹಾಳೆ ಎಳೆದುಕೊಂಡರು. ತಾವು ಬರೆದದ್ದು ತಮಗೇ ಸಿಕ್ಕಿತು. ಅಷ್ಟೇ, ಬಡಾವಣೆಯೇ ಎದ್ದು ನಿಂತಿತು. ಎಂಟು ತಿಂಗಳು ಬಾಯಿ ಮುಚ್ಚಿಸಿಕೊಂಡ ಜನ ಎಂಟು ತಿಂಗಳ ಬೈಗುಳವನ್ನು ಬಡ್ಡಿ ಸಮೇತ ಬಿಚ್ಚಿದರು. ದರ್ಜಿ ಊರುಗೋಲು ಊರುತ್ತ ಮೇಜಿನ ತನಕ ಬಂದ.

"ಹನ್ನೊಂದು ಸಲ ಬರೆದೆ. ಓದಿದ್ಯಾ?"

ಗಂಟೆ ಮಾವ ಬಾರಿಸಿದರು, ಯಾರೂ ಕೇಳಲಿಲ್ಲ. ಅವರು ಹಾಳೆಗಳನ್ನು ತಿರುವಿ ನೋಡಿದರು. ಅವರ ಮುಖದಲ್ಲಿ ಸೊಸೆ ಎಂದೂ ಕಾಣದ ಗೊಂದಲ ಕಂಡಳು. "ನನಗೆ ಬಂದಿಲ್ಲ," ಎಂದರು.

"ಬಂದಿಲ್ವಂತೆ!" ಹಿಂದಿನಿಂದ ಯಾರೋ ನಕ್ಕರು.

"ಬಂದಿಲ್ಲಯ್ಯಾ. ಬಂದಿದ್ರೆ ಬಂದಿದೆ ಅಂತಿದ್ದೆ. ಹಿಡಿಕೆ ಹಾಕಿಸ್ತಿರ್ಲಿಲ್ಲ, ಅದು ಬೇರೆ ಮಾತು. ಗೋಡೆ ಹಿಡ್ಕೊಂಡು ಹತ್ತು ಅಂತಿದ್ದೆ. ಆದ್ರೆ ಬಂದಿಲ್ಲ."

ಇಷ್ಟು ಕೆಟ್ಟದಾಗಿ ತನ್ನನ್ನು ತಾನು ಸಮರ್ಥಿಸಿಕೊಂಡ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿರಲಾರ. ಕಂಪನಿಯಮ್ಮ ತುಟಿ ಬಿಚ್ಚದಿದ್ದರೆ ಸಾಕಿತ್ತು. ಕೋಣೆ ಉಳಿಯುತ್ತಿತ್ತು, ಮಾವನ ಕುರ್ಚಿ ಮಧ್ಯಾಹ್ನದೊಳಗೆ ಉರುಳುತ್ತಿತ್ತು. ಎಂಟು ತಿಂಗಳು ಅವಳು ಕನಸು ಕಂಡದ್ದೂ ಇದನ್ನೇ. ಆದರೆ ಆ ಗಂಟೆ ಮುದುಕ ತನಗೆ ಹಾನಿಯಾಗುವ ಮಾತನ್ನೂ ನುಂಗದೆ ನಿಜ ಹೇಳುತ್ತಿದ್ದ. ಅವನೆದುರು ಈ ಒಂದು ವಿಷಯದಲ್ಲೂ ಚಿಕ್ಕವಳಾಗಿ ಮನೆಗೆ ಹೋಗುವುದೇ? ಸತ್ತರೂ ಇಲ್ಲ.

"ಬಂದಿಲ್ಲ," ಎಂದಳು. "ನನ್ನ ಹತ್ರ ಇದ್ವು. ವಿಳಾಸ ಬದಲಿಸ್ಬೇಕಿತ್ತು, ಬದಲಿಸದೆ ಟಿಕ್ ಹಾಕ್ಬಿಟ್ಟೆ. ತಪ್ಪು ನಂದು."

ಸಭೆ ತಿರುಗಿತು. ಸುಮ್ಮನೆ ತಿರುಗಲಿಲ್ಲ, ಹಸಿದ ಹುಲಿಯ ಹಾಗೆ ತಿರುಗಿತು.

"ಹಾಗಾದ್ರೆ ನನ್ನ ಕಾಲು ಮುರಿದಿದ್ದು ನೀನಾ?" ದರ್ಜಿ ಕೇಳಿದ.

"ಅರ್ಧ ನಾನು, ಅರ್ಧ ಆ ಮೆಟ್ಟಿಲು."

"ಟೈಪ್ ಮಾಡೋಕೆ ಕಲಿಸ್ದೆ ಅಂತ ನಿನ್ನ ಹೆಸರು ಹೇಳ್ಕೊಂಡು ತಿರುಗ್ತಿದ್ನಲ್ಲಮ್ಮ," ಎಂದ ದರ್ಜಿ, ಕೋಣೆ ಬಿಡಿಸುವ ಪ್ರಸ್ತಾಪಕ್ಕೆ ಎಲ್ಲರಿಗಿಂತ ಮೊದಲು ಕೈ ಎತ್ತಿದ. ಅವನ ಹಿಂದೆ ಎದ್ದ ಕೈಗಳಿಗೆ ಲೆಕ್ಕವಿರಲಿಲ್ಲ. ಎರಡೂ ಕೈ ಎತ್ತಿದವರೂ ಇದ್ದರು. ಅದೇ ಬಿಸಿಯಲ್ಲಿ ಇನ್ನೊಂದು ನಿರ್ಣಯವೂ ಆಯಿತು: ಒಂದು ವಾರದಲ್ಲಿ ಹಿಡಿಕೆ ಹಾಕಿಸದಿದ್ದರೆ ಕಾರ್ಯದರ್ಶಿಯೂ ಗಂಟೆ ಹಿಡಿದುಕೊಂಡು ಮನೆಗೆ ಹೋಗಬೇಕು.

ಹೊರಗೆ ಬಂದ ಮೇಲೆ ನಾದಿನಿ, "ನೀವು ಹೇಳ್ದಿದ್ರೆ ನಾನೇ ಹೇಳ್ತಿದ್ದೆ," ಎಂದಳು.

"ನೀನಾ? ಮುಚ್ಚಿಡೋಣ ಅಂದವಳೇ ನೀನು."

"ಹೂಂ. ಆದ್ರೆ ತಪ್ಪು ನಿಮ್ದು ಅಂತ ಊರಿನ ಮುಂದೆ ಹೇಳೋ ಅವಕಾಶ ಆರು ವರ್ಷಕ್ಕೆ ಒಂದ್ಸಲ ಸಿಕ್ಕಿತ್ತು. ಅದನ್ನೂ ನೀವೇ ಕಿತ್ಕೊಂಡ್ರಿ."

ಶನಿವಾರ ಇಬ್ಬರೂ ಕೋಣೆ ಖಾಲಿ ಮಾಡಿ ಮೇಜು ಇಳಿಸುತ್ತಿದ್ದರು. ಅದು ಏಳು ಆನೆಯಷ್ಟು ಭಾರವಿತ್ತು. ಮೆಟ್ಟಿಲಿನುದ್ದಕ್ಕೂ ಹೊಸ ಕಬ್ಬಿಣದ ಹಿಡಿಕೆ, ಅದಕ್ಕೆ ಬಿಳಿ ಬಣ್ಣ. ಕೆಳಗೆ ಗಂಟೆ ಮಾವ ಕಾವಲು ನಿಂತಿದ್ದರು.

"ಬಣ್ಣ ಹಸಿ ಇದೆ. ಮುಟ್ಬೇಡ."

ಕಂಪನಿಯಮ್ಮ ನಡುಮೆಟ್ಟಿಲಲ್ಲಿ ಮೇಜು ಇಳಿಸಿ ನಿಂತಳು. ಮಾವನನ್ನೇ ನೋಡುತ್ತ, ಅಂಗೈಯನ್ನು ಪೂರ್ತಿ ಅಗಲಿಸಿ ಹಿಡಿಕೆಯನ್ನು ಬಿಗಿಯಾಗಿ ಹಿಡಿದಳು. ಅಲುಗಾಡಿಸಿ ನೋಡಿದಳು. ಅಲುಗಲಿಲ್ಲ. ಕೈ ತೆಗೆದಾಗ ಐದು ಬೆರಳೂ ಅಚ್ಚೊತ್ತಿದ್ದವು.

"ಮುಟ್ಬೇಡ ಅಂದ್ನಲ್ಲ," ಮಾವ ಗಂಟೆಗಾಗಿ ಜೇಬು ತಡಕಿದರು.

"ದೂರು ಬಾಯಲ್ಲಿ ತಗೊಳ್ಳಲ್ಲ," ಎಂದಳು ಅವಳು, ಬಿಳಿ ಅಂಗೈಯನ್ನು ಮೇಜಿನ ಅಂಚಿಗೆ ಒರೆಸಿಕೊಳ್ಳುತ್ತ. "ವೆಬ್‌ಸೈಟಲ್ಲಿ ಬರಿ, ಮಾವ. ಈಗ ನಿನಗೇ ತಲುಪುತ್ತೆ."