ಬಜೆ ಬೇರಿನ ಪೇಜು

ಆ ಮುಂಜಾನೆ ಮೂಡಗಾಳಿ ಬಿಟ್ಟಿತ್ತು. ತುಟಿ ಒಡೆಸುವ, ಹಸಿಗೂಸುಗಳ ಎದೆ ಕಟ್ಟಿಸುವ ಮಾಗಿಯ ಒಣಗಾಳಿ. ಧಾರವಾಡದಿಂದ ಹುಬ್ಬಳ್ಳಿಗೆ ಬಂದಿಳಿದ ಕಲ್ಲೇಶ, ಕಿವಿಗೆ ಸುತ್ತಿದ ಮಫ್ಲರು ಬಿಚ್ಚದೆಯೇ ಆಫೀಸಿನ ಕಂಪ್ಯೂಟರ್ ಚಾಲೂ ಮಾಡಿದ. ಪೂಜೆಯಲ್ಲಿ ಹಚ್ಚಿಕೊಂಡ ವಿಭೂತಿ ಇನ್ನೂ ಮಾಸಿರಲಿಲ್ಲ. ಇಪ್ಪತ್ತು ವರ್ಷ ಛಾಪಖಾನೆಯೊಂದರಲ್ಲಿ ಕರಡು ತಿದ್ದಿದ ಕೈ ಅವನದು. ಛಾಪಖಾನೆ ಬಾಗಿಲು ಹಾಕಿದ ಮೇಲೆ, ಎರಡು ಸಾವಿರದ ಏಳನೆಯ ಇಸವಿಯಲ್ಲಿ, ನಲವತ್ತೈದು ದಾಟಿದವನು ವಿಶಾಲನೆಂಬ ಹುಡುಗನ ವೆಬ್‌ಸೈಟಿಗೆ ಬರೆಯಲು ಸೇರಿದ್ದ. ಅಡುಗೆ, ಮನೆಮದ್ದು, ಹಬ್ಬ-ಹುಣ್ಣಿಮೆ ಅದರ ಸರಕು.

ಮೊದಲು ತೆರೆದ ಈಮೇಲ್ ಸೊಲ್ಲಾಪುರದ ಹನಮೇಶ ಎಂಬವರದು.

"ನಿಮ್ಮ ಪೇಜು ಓದಿ ನನ್ನ ಹೆಂಡತಿ ನಾಲ್ಕು ತಿಂಗಳ ಕೂಸಿಗೆ ಬಜೆ ಬೇರು ತೇಯ್ದು ಕುಡಿಸಿದಳು. ಬೆರಳುದ್ದದ ಬೇರು, ಪೂರ್ತಿ. ಕೂಸು ವಾಂತಿ ಮಾಡಿ ಮಾಡಿ ಸೋತು ಬಿದ್ದಿದೆ. ಕರೆದರೆ ಕಣ್ಣು ತೆರೆಯುವುದಿಲ್ಲ. ಎಷ್ಟು ಕೊಡಬೇಕೆಂದು ಬರೆದಿತ್ತು ಅಂತ ಡಾಕ್ಟರು ಕೇಳುತ್ತಾರೆ. ಹತ್ತು ಸಲ ಓದಿದೆವು. ಅದು ಎಲ್ಲಿದೆ?"

ಕೆಳಗೆ ಫೋನ್ ನಂಬರು.

ಕಲ್ಲೇಶ ಪೇಜು ತೆಗೆದ. ಐದು ಪಾಯಿಂಟು. ಮೂರನೆಯದು: "ತಾಯಿಯ ಹಾಲಿನಲ್ಲಿ ಬಜೆ ತೇಯ್ದು ಕುಡಿಸಿ, ಕೆಮ್ಮು ಮಾಯ!" ಎಷ್ಟು ಎನ್ನುವುದು ಇರಲಿಲ್ಲ. ಇತ್ತು ಮೊದಲು. ತೆಗೆದವನು ತಾನೇ.

ಕಾರ್ತಿಕದಲ್ಲಿ ಉಪ್ಪಿನಬೆಟಗೇರಿಗೆ ಹೋಗಿ ದೊಡ್ಡವ್ವ ದಾನವ್ವನಿಂದ ಕೇಳಿ ಬರೆದುಕೊಂಡ ಮದ್ದು ಅದು. ದಾನವ್ವ ಮದ್ದನ್ನು ಕಥೆಯಿಲ್ಲದೆ ಹೇಳುವವಳಲ್ಲ. ಕೆಮ್ಮುವ ಕೂಸನ್ನು ಉಡಿಯಲ್ಲಿಟ್ಟುಕೊಂಡು ಅಳುವ ತಾಯಿಯ ಬಾಗಿಲಿಗೆ ಜಂಗಮನೊಬ್ಬ ಭಿಕ್ಷೆಗೆ ಬರುತ್ತಾನೆ. "ತಾಯಿ, ಕಲ್ಲಿನ ಮ್ಯಾಲ ಬೇರು ಇಟ್ಟು 'ಶಿವಾ' ಅಂತ ಒಮ್ಮೆ ಅನ್ನು. ಆ ಉಸಿರು ಮುಗಿಯೂದ್ರಾಗ ಕೈ ಎತ್ತು. ಎರಡನೇ ಸಲ ಕರದ್ರ, ಶಿವ ಬಂದು ಕೂಸಿನ್ನ ಕರಕೊಂಡು ಹೊಕ್ಕಾನ" ಅನ್ನುತ್ತಾನೆ.

"ಹೇಳಿದ್ರ ಇಷ್ಟೂ ಹೇಳಬೇಕು ಮತ್ತ" ಎಂದಿದ್ದಳು ದಾನವ್ವ. ಫೋಟೋಕ್ಕೆಂದು ತನ್ನ ಬೇರನ್ನೂ ಚಂಚಿ ಚೀಲದಿಂದ ತೆಗೆದುಕೊಟ್ಟಿದ್ದಳು. "ಲಗೂನ ತಂದುಕೊಡೋ ಯಪ್ಪಾ."

ವಿಶಾಲ ಕಥೆ ಓದಿ ನಕ್ಕುಬಿಟ್ಟಿದ್ದ. "ಕಲ್ಲೇಶಣ್ಣಾ, ಇದು ವೆಬ್‌ಸೈಟೋ ಪುರಾಣದ ಕಟ್ಟೀನೋ? ಮಂದಿ ಅರ್ಧ ನಿಮಿಷ ನಿಲ್ಲೂದಿಲ್ರಿ. ಭಕ್ತಿಗೆ ಬ್ಯಾರೆ ಪೇಜು ಐತಿ. ಐದು ಪಾಯಿಂಟ್ ಮಾಡ್ರಿ, ಈಗೆಲ್ಲಾ ಹಂಗ ನಡದೈತಿ."

ಕಲ್ಲೇಶನಿಗೂ ಒಳಗೊಳಗೆ ಹುರುಪು. ಕೆಲಸ ಉಳಿಯಬೇಕು, ಮೇಲಾಗಿ, ಹೆಚ್ಚಿನದನ್ನು ಕತ್ತರಿಸುವುದು ಅವನ ಹಳೆಯ ಕಸುಬು. ತಾಯಿ ಹೋದಳು, ಜಂಗಮ ಹೋದ, ಶಿವನ ಹೆಸರೂ, ಅದರೊಳಗಿದ್ದ ಅಳತೆಯೂ ಹೋಯಿತು. ಕೂಸಿನ ಕೆಮ್ಮೆಂದು ಹುಡುಕಿದವರಿಗೆಲ್ಲ ಆ ಪೇಜೇ ಮೊದಲು ಸಿಗತೊಡಗಿದಾಗ ವಿಶಾಲ ಪೇಢೆ ತರಿಸಿದ್ದ. ಕಲ್ಲೇಶ ಎರಡು ತಿಂದಿದ್ದ.

ಈಗ ಈಮೇಲಿನ ಕೆಳಗಿದ್ದ ನಂಬರು ಒತ್ತಿದ.

"ಅದನ್ನ ಬರದಾಂವ ಮಾತಾಡಾಕತ್ತೇನ್ರಿ."

ಆ ಕಡೆಯಿಂದ ಹನಮೇಶ, "ಎಷ್ಟು ಅಂತ ಮೊದಲ ಹೇಳ್ರಿ."

"ಕಲ್ಲಿಗೆ ಒಂದ ಗೆರಿ ಮೂಡೂವಷ್ಟು."

"ಒಂದ ಗೆರಿ! ಅಕಿ ಕೈ ನೋಯೂತನಕ ತೇಯ್ದಾಳ್ರಿ. ಛಲೋ ಆಗಲಿ ಅಂತ ತೇಯ್ದಾಳ್ರಿ." ಫೋನು ಕಟ್ಟಾಯಿತು.

ವಿಶಾಲ ಬಂದವನು ಪತ್ರ ಓದಿ ಬಿಳಿಚಿಕೊಂಡ. ಆದರೂ ಹೇಳಿದ, "ಪೇಜು ತಗೀಬ್ಯಾಡ್ರಿ. ಕೆಳಗ ಸಣ್ಣ ಅಕ್ಷರದಾಗ 'ವೈದ್ಯರನ್ನು ಕೇಳಿ' ಅಂತ ಹಾಕೂಣು. ದಿನಾ ನಾಕನೂರು ಮಂದಿ ನೋಡೋ ಪೇಜು ಅದು."

"ಅದಕ್ಕ ಜೀವ ನಡುಗಾಕತ್ತೈತಿ ವಿಶಾಲ. ಹೊರಗ ಗಾಳಿ ನೋಡು. ಇವತ್ತ ಎಷ್ಟು ಕೂಸು ಕೆಮ್ಮತಿರಬೇಕು?"

ಅಂದವನೇ ಪೇಜು ಅಳಿಸಿದ.

"ಆಗಲೇ ಮೂರು ಸೈಟಿನವ್ರು ಅದನ್ನ ಕದ್ದು ಹಾಕ್ಯಾರ" ಎಂದ ವಿಶಾಲ. "ಅವನ್ನ ಹೆಂಗ ಅಳಸ್ತೀರಿ? ನನ್ನ ಕೇಳದ ಅಳಿಸಿದವ್ರು ನಾಳಿಂದ ಬರೂದು ಬ್ಯಾಡ್ರಿ."

ಕಲ್ಲೇಶ ಕುಳಿತಲ್ಲೇ ಆ ಮೂವರಿಗೂ ಬರೆದ. ಮಧ್ಯಾಹ್ನದ ಹೊತ್ತಿಗೆ ಒಬ್ಬರು ತೆಗೆದರು. ಇಬ್ಬರಿಂದ ಉತ್ತರವಿಲ್ಲ. ಬುತ್ತಿ ಬಿಚ್ಚದೆ ಕೂತ. ಬಾಯಲ್ಲಿ ಶಿವನಾಮ ಬಂತು. ಒಮ್ಮೆ ಅಂದು, ಎರಡನೆಯ ಸಲ ಅನ್ನಲು ಅಂಜಿ ತುಟಿ ಕಚ್ಚಿದ.

ಮೂರು ಗಂಟೆಗೆ ಹನಮೇಶನ ಫೋನು. "ಕೂಸು ಅತ್ತಿತ್ರಿ. ಹಾಲು ಕುಡದೈತಿ. ಇನ್ನೂ ಎರಡು ದಿನ ನೋಡಬೇಕಂತಾರ." ಫೋನು ಇಡುವ ಮೊದಲು ಅಂದ, "ಇನ್ನ ನೀವು ಫೋನ್ ಮಾಡಬ್ಯಾಡ್ರಿ."

ಮೇಜಿನ ಖಾನೆಯಲ್ಲಿ ಕಾಗದ ಸುತ್ತಿಟ್ಟಿದ್ದ ಬೇರು ಇನ್ನೂ ಅಲ್ಲೇ ಇತ್ತು. ಕಾರ್ತಿಕದಿಂದ ಇಲ್ಲಿಯತನಕ. ಕಲ್ಲೇಶ ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದ.

ಉಪ್ಪಿನಬೆಟಗೇರಿಯಲ್ಲಿ ಹೊತ್ತು ಇಳಿಯುತ್ತಿತ್ತು. ದಾನವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಏನೋ ಕಲ್ಲ್ಯಾ, ಮಾರಿ ಯಾಕ ಸುಟ್ಟ ಬದನಿಕಾಯಿ ಆಗೈತಿ?"

ಕಲ್ಲೇಶ ಕೆಳಗೆ ಕುಳಿತು ಎಲ್ಲವನ್ನೂ ಹೇಳಿದ. ಹೂಂಗುಟ್ಟದೆ ಕೇಳಿದಳು. ಎಷ್ಟೋ ಕಥೆಗಳಿಗೆ ಹೂಂಗುಟ್ಟಿಸಿಕೊಂಡವಳು.

"ಶಿವನ ಹೆಸರು ತಗೀ ಅಂತ ಯಾರು ಹೇಳಿದ್ರು?"

"ಹೇಳಿದಾಂವ ಅಂವ. ತಗದಾಂವ ನಾನು, ಯವ್ವಾ."

ಮೊರ ಪಕ್ಕಕ್ಕಿಟ್ಟಳು. "ಕೂಸಿನ ಹೆಸರೇನು?"

"ಕೇಳಲಿಲ್ಲ."

ಗಾಳಿ ಜೋಳದ ಹೊಟ್ಟನ್ನು ಅಂಗಳದ ತುಂಬ ಹರಡಿತು. ಒಳಗೆ ಯಾರೋ ದೀಪ ಹಚ್ಚಿದರು. ದಾನವ್ವ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು.

ಕಿಸೆಯಿಂದ ಕಾಗದ ತೆಗೆದು ಬಿಚ್ಚಿದ. ಕೆಂಪು ದಾರ ಕಟ್ಟಿದ ಬೇರು. ಮನೆಯ ಹನ್ನೊಂದು ಕೂಸುಗಳಿಗೆ, ಅದರಲ್ಲಿ ತನಗೂ, ತೇಯ್ದು ತೇಯ್ದು ಇನ್ನೂ ಅರ್ಧ ಬೆರಳು ಉಳಿದ ಬೇರು. ಫೋಟೋ ತೆಗೆಯುವಾಗ ಇದನ್ನೇ ಕೈಯಲ್ಲಿ ಹಿಡಿದಿದ್ದ. ಸವೆದದ್ದು ಎಷ್ಟು ಕಡಿಮೆ ಎನ್ನುವುದು ಆಗ ಕಣ್ಣಿಗೆ ಬಿದ್ದಿರಲಿಲ್ಲ.

ದೊಡ್ಡವ್ವನ ಅಂಗೈ ಬಿಡಿಸಿ, ಅದನ್ನು ಅಲ್ಲಿಟ್ಟು, ಬೆರಳು ಮಡಚಿದ.