ಗಿರಣಿಗೆ ಗಾಳಿಯಾದವರು

“ತಳ್ರೋ ಮುಂಡೇವಾ! ಹೆಣ ಹೊತ್ಕೊಂಡು ಹೋಗೋರ ಥರ ಕಾಲೆಳೀತಿದೀರಲ್ಲೋ. ಜೀವ ಇದೆಯೋ ಇಲ್ವೋ ಮೈಯಲ್ಲಿ?”

ಹಿಂಬಾಗಿಲ ಕಿಂಡಿಗೆ ಮುಖ ಅಂಟಿಸಿ ನಿಂತಿದ್ದ ಮೇಸ್ತ್ರಿಯ ಬಾಯಿ ಬೆಳಗಿನಿಂದ ಮುಚ್ಚಿರಲಿಲ್ಲ. ಮುಚ್ಚುವುದಾದರೂ ಹೇಗೆ? ಹಳೇ ಗಾಳಿಗಿರಣಿಯನ್ನು ಹೊಸದಾಗಿ ಮಾಡಿದ್ದೇವೆ ಬನ್ನಿ ಎಂದು ದೊಡ್ಡ ದೊಡ್ಡವರನ್ನೆಲ್ಲ ಕರೆಸಿ ಅಂಗಳದಲ್ಲಿ ಕೂರಿಸಿದ್ದಾಗಿತ್ತು, ಗಾಳಿಯೇ ಕೈಕೊಟ್ಟಿತ್ತು. ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ರೆಕ್ಕೆ ತಿರುಗದ ಗಾಳಿಗಿರಣಿ ತೋರಿಸಿ ಯಾರ ಕೈಲಿ ಶಹಬ್ಬಾಸ್ ಅನ್ನಿಸಿಕೊಳ್ಳುವುದು? ಅದಕ್ಕೇ ವರ್ಷವಿಡೀ ಅಲ್ಲಿ ಗಾರೆ ಬಳಿದು, ಮರ ಹೊತ್ತು, ಪಾರಿವಾಳದ ಹಿಕ್ಕೆ ಕೆರೆದ ಕೂಲಿಯವರಲ್ಲಿ ಆರು ಜನರನ್ನು ಒಳಗೆ ತಳ್ಳಿ, ದೊಡ್ಡ ಹಲ್ಲುಚಕ್ರಕ್ಕೆ ತೊಲೆ ಸಿಕ್ಕಿಸಿ, ಗಾಣದೆತ್ತಿನ ಹಾಗೆ ಸುತ್ತು ಬರಲು ಹಚ್ಚಿದ್ದರು. ಇವರು ಒಳಗೆ ಸುತ್ತಿದರೆ ಮೇಲೆ ಹೊರಗೆ ರೆಕ್ಕೆ ಸುತ್ತುತ್ತದೆ. ನೋಡಿದವರು ಗಾಳಿ ಅಂದುಕೊಳ್ಳಬೇಕು, ಅಷ್ಟೆ. ಒಳಗಿನ ಜನ ಕಣ್ಣಿಗೆ ಬೀಳಬಾರದೆಂದು ಕಿಟಕಿಗೆ ಹಲಗೆ ಬಡಿದು, ಹಿಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದಿದ್ದರು.

ಆ ಬೀಗ ಬಿದ್ದ ಸದ್ದು ಕೇಳಿದಾಗಿನಿಂದ ಅವರಲ್ಲೊಬ್ಬಳಾದ ಬಜಾರಿ ತಿರುತಿರುಗಿ ಬಾಗಿಲನ್ನೇ ನೋಡುತ್ತಿದ್ದಳು. ಬಜಾರಿ ಅಂತ ಅವಳಿಗೆ ಹೆಸರಿಟ್ಟವರು ಕೂಲಿಯವರೇ. ಕುಡಿಯುವ ನೀರು ಬಂದಿಲ್ಲವೆಂದು ಎಂಜಿನಿಯರನ ಮೇಜಿನ ಮೇಲೆ ಖಾಲಿ ಕೊಡ ಬೋರಲು ಹಾಕಿ ಬಂದ ಹೆಂಗಸು ಅವಳು. ಅಂಥವಳಿಗೂ ಇವತ್ತು ಹೆದರಿಕೆ. ಮುಂದಿನ ತೊಲೆಗೆ ಎದೆ ಕೊಟ್ಟಿದ್ದವನು ಅವಳ ಗಂಡ. ಸುಣ್ಣದ ಧೂಳು ಕುಡಿದು ಕುಡಿದು ಅವನ ಎದೆ ಕುಲುಮೆಯ ಹಳೇ ತಿದಿಯಾಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ಕೆಮ್ಮು.

“ಇಷ್ಟು ದಿನ ಎತ್ತಾಗಿದ್ವಿ, ಕತ್ತೆ ಆಗಿದ್ವಿ,” ಪಕ್ಕದ ತೊಲೆಯಿಂದ ಗಂಡನ ಅಣ್ಣ, ಅವಳ ಭಾವ ಅಂದ. “ಇವತ್ತು ಗಾಳಿ ಅಂತ ಬಡ್ತಿ ಸಿಕ್ತು ನೋಡ್ರಪ್ಪಾ.”

ಎಲ್ಲರೂ ನಕ್ಕರು. ಅವಳ ಗಂಡನಂತೂ ನಕ್ಕು ನಕ್ಕು ಕೆಮ್ಮಿ ಬಾಗಿಹೋದ.

ಹೊರಗೆ ಮೈಕಿನಲ್ಲಿ ಗಿರಣಿಯ ಯಜಮಾನರ ಭಾಷಣ. “ನಮ್ಮ ಮುತ್ತಾತ ಗಾಳಿಯನ್ನೇ ಆಳು ಮಾಡಿಕೊಂಡರು. ಯಾರ ಬೆವರನ್ನೂ ಬೇಡದ ಯಂತ್ರವಿದು. ನೋಡಿ, ಹೇಗೆ ತಿರುಗುತ್ತಿದೆ!”

“ಬೆವರು ಬೇಡ್ವಂತೆ,” ಅಂದಳು ಬಜಾರಿ, ಕಣ್ಣಿಗಿಳಿದ ಬೆವರನ್ನು ಭುಜಕ್ಕೆ ಒರೆಸಿಕೊಳ್ಳುತ್ತ. “ಇವನ ಮುತ್ತಾತನ ಪಿಂಡ.”

ಅಷ್ಟರಲ್ಲಿ ಚಕ್ರ ಕಿರ್ರೋ ಎಂದಿತು. ಕಿಂಡಿಯಲ್ಲಿ ಮತ್ತೆ ಮೇಸ್ತ್ರಿ.

“ಏನ್ರೋ ಅದು, ಮೈಕಲ್ಲಿ ಕೇಳ್ತಾ ಇದೆ! ಹಲ್ಲಿಗೆ ಗ್ರೀಸ್ ಹಚ್ಚಿ.”

“ಒಂದ್ ಗಳಿಗೆ ನಿಲ್ಲಿಸಿ ಹಚ್ತೀವಿ, ಮೇಸ್ತ್ರಿ,” ಅಂದಳು ಬಜಾರಿ.

“ನಿಲ್ಸಿದ್ರೆ ನನ್ ಚರ್ಮ ಸುಲೀತಾರೆ! ತಿರುಗ್ತಾ ಇರೋ ಹಾಗೇ ಹಚ್ಚಿ. ನಿನ್ ಗಂಡ ತಳ್ಳೋಕಂತೂ ಲಾಯಕ್ಕಿಲ್ಲ, ಆ ಕೆಮ್ಮುಬುರುಕನೇ ಹಚ್ಲಿ.”

“ಕೈಗಿಯ್ಯಿ ಸಿಕ್ಕೊಂಡ್ರೆ ನಿಮ್ಮಪ್ಪ ಬರ್ತಾನಾ?”

“ಬಿಡೇ,” ಅಂದ ಗಂಡ. “ತಳ್ಳೋದಕ್ಕಿಂತ ವಾಸಿ.” ಗ್ರೀಸಿನ ಡಬ್ಬ ಎತ್ತಿಕೊಂಡು, ದೊಡ್ಡ ಚಕ್ರ ಚಿಕ್ಕ ಚಕ್ರ ಕೂಡುವ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತ.

ಪ್ರತಿ ಸುತ್ತಿಗೂ ಬಜಾರಿ ಅವನ ಬೆನ್ನ ಹಿಂದೆ ಹಾಯಬೇಕಿತ್ತು. ಪ್ರತಿ ಸಲವೂ ಅವನ ಕೈಯನ್ನೇ ನೋಡುತ್ತಿದ್ದಳು. “ರೀ, ಅಂಗಿ ತೋಳು ಮಡಚ್ಕೊಳ್ರೀ,” ಅಂದಳು. ಅವನು ಹೂಂ ಎಂದು ತೋಳಿಗೆ ಕೈ ಹಾಕಿದ. ಕೆಮ್ಮು ಬಂತು. ಕೆಮ್ಮಿಗೆ ಮುಂದಕ್ಕೆ ಬಾಗಿದ.

ಹಸಿ ಕಡ್ಡಿ ಮುರಿದಂಥ ಸದ್ದು. ಚಕ್ರ ಗಕ್ಕನೆ ನಿಂತಿತು. ಆಮೇಲೆ ಅವನು ಕೂಗಿದ. ಹನ್ನೆರಡು ವರ್ಷ ಜೊತೆಗೆ ಬಾಳಿದವಳು ಅವನ ಬಾಯಲ್ಲಿ ಅಂಥ ದನಿ ಕೇಳಿರಲಿಲ್ಲ.

“ಹಿಂದಕ್ಕೆ ತಳ್ರೋ! ಹಿಂದಕ್ಕೆ!” ಬಜಾರಿ ಕಿರುಚಿದಳು.

“ಹಿಂದಕ್ಕೆ ಬೇಡಾ!” ಮೇಸ್ತ್ರಿಯ ಗಂಟಲು ಹರಿಯಿತು. “ರೆಕ್ಕೆ ಉಲ್ಟಾ ತಿರುಗುತ್ತೆ, ಮಾನ ಹೋಗುತ್ತೆ! ಅವನ ಬಾಯಿ ಮುಚ್ಸೇ, ಭಾಷಣ ಮುಗೀಲಿ!”

ಐವರೂ ತೊಲೆಗೆ ಬೆನ್ನು ಕೊಟ್ಟು ಹಿಂದಕ್ಕೆ ಒತ್ತಿದರು. ಚಕ್ರ ನರಳಿಕೊಂಡು ಹಿಂದೆ ಸರಿಯಿತು, ಕೈ ಹೊರಬಂತು. ಮೊಣಕೈಯಿಂದ ಕೆಳಗೆ ಅದನ್ನು ಕೈ ಎನ್ನುವ ಹಾಗಿರಲಿಲ್ಲ. ಬಜಾರಿ ಸೆರಗು ಹರಿದು ತೋಳಿನ ಬುಡಕ್ಕೆ ಬಿಗಿದಳು. ಬಟ್ಟೆ ನೋಡನೋಡುತ್ತಿದ್ದಂತೆ ತೊಯ್ದುಹೋಯಿತು.

ಹೊರಗೆ ತಲೆಗಳೆಲ್ಲ ಉಲ್ಟಾ ತಿರುಗಿದ ರೆಕ್ಕೆಯತ್ತ ಎದ್ದವು. ಆಮೇಲೆ ಮೈಕು ನಗುತ್ತ ಹೇಳಿತು: “ಎರಡೂ ಕಡೆ ತಿರುಗುತ್ತದೆ ನಮ್ಮ ಗಿರಣಿ!” ಚಪ್ಪಾಳೆಯೋ ಚಪ್ಪಾಳೆ.

“ಬೀಗ ತೆಗೀರಿ, ಮೇಸ್ತ್ರಿ. ಆಸ್ಪತ್ರೆಗೆ ಒಯ್ಯಬೇಕು. ಕಾಲಿಗ್ ಬೀಳ್ತೀನಿ.”

“ಈಗ ಹೆಂಗೇ ತೆಗೀಲಿ? ಟೇಪು ಇನ್ನೂ ಕತ್ತರಿಸಿಲ್ಲ. ದೊಡ್ಡೋರು ಊಟಕ್ಕೆ ಎದ್ದ ಮೇಲೆ ತೆಗೀತೀನಿ. ಅಲ್ಲೀವರೆಗೂ ಗಟ್ಟಿಯಾಗಿ ಹಿಡ್ಕೊಂಡಿರು. ಉಳಿದೋರು ತಳ್ತಾ ಇರಿ.”

ಗಂಡನ ತುಟಿ ಸುಣ್ಣದಂತೆ ಬೆಳ್ಳಗಾಗುತ್ತಿತ್ತು. “ನೀರು,” ಅಂದ. ಅವಳು ಅವನ ಕೆನ್ನೆ ತಟ್ಟಿದಳು. ಎದ್ದು ನಿಂತಳು.

“ಭಾವಾ, ತೊಲೆ ಕೀಳಿ.”

ಕಿತ್ತ ತೊಲೆಯನ್ನು ನಾಲ್ವರು ಹೆಗಲಿಗಿಟ್ಟುಕೊಂಡು ಓಡಿಬಂದು ಬಾಗಿಲಿಗೆ ಗುದ್ದಿದರು. ಗಿರಣಿಯೇ ನಡುಗಿತು. ಮೇಲಿನಿಂದ ಹೊಸ ಗಾರೆ ಉದುರಿತು.

“ಏ ಬಜಾರಿ! ಹುಚ್ಚು ಹಿಡೀತೇನೇ? ನೂರೈವತ್ತು ವರ್ಷದ ಬಾಗಿಲು ಕಣೇ ಅದು!”

“ನನ್ ಗಂಡನಿಗೆ ಮೂವತ್ತೆಂಟು ಕಣೋ, ಬೋಳೀಮಗನೇ!”

ಮೂರನೇ ಗುದ್ದಿಗೆ ಬಾಗಿಲು ಚೌಕಟ್ಟು ಸಮೇತ ಕಳಚಿ ಬಿತ್ತು. ಮೇಸ್ತ್ರಿ ಹಾರಿ ಪಕ್ಕಕ್ಕೆ ಸರಿದ. ಭಾವ ತಮ್ಮನನ್ನು ಬೆನ್ನಿಗೆ ಹಾಕಿಕೊಂಡ. ಗಿರಣಿಯನ್ನು ಬಳಸಿ ಅವರೆಲ್ಲ ಅಂಗಳಕ್ಕೆ ಬಂದಾಗ ಕುರ್ಚಿಗಳಲ್ಲಿದ್ದವರು ಎದ್ದು, ಬಟ್ಟೆಗೆ ರಕ್ತ ತಗಲೀತೆಂದು ಹಿಂದೆ ಹಿಂದೆ ಸರಿದರು. ಯಜಮಾನರ ಕೈಯಲ್ಲಿ ಕತ್ತರಿ ಹಾಗೇ ಇತ್ತು. ಮೇಲೆ ರೆಕ್ಕೆ ನಿಂತಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ.

“ಯಾರಿವರು?” ಅಂದರು ಯಜಮಾನರು. ಮೈಕು ಇನ್ನೂ ತೆರೆದೇ ಇತ್ತು. “ಇವರನ್ನ ಒಳಗೆ ಬಿಟ್ಟೋರು ಯಾರು?”

ಬಜಾರಿ ಉತ್ತರ ಕೊಡಲು ನಿಲ್ಲಲಿಲ್ಲ. ಸಾಲಿನಲ್ಲಿ ಮೊದಲು ನಿಂತಿದ್ದುದು ಯಜಮಾನರ ಬಿಳೀ ಕಾರು. ಹಿಂದಿನ ಬಾಗಿಲು ತೆಗೆದು ಗಂಡನನ್ನು ಸೀಟಿನ ಮೇಲೆ ಉರುಳಿಸಿ, ತಾನೂ ಹತ್ತಿ, ಅವನ ತಲೆ ತೊಡೆಯ ಮೇಲೆ ಎಳೆದುಕೊಂಡಳು. ಭಾವ ಮುಂದೆ ಹತ್ತಿದ. ಉಳಿದ ಮೂವರು ಬಿಡದೆ ಹೊತ್ತು ತಂದಿದ್ದ ತೊಲೆ ಹಿಡಿದು, ಯಾರೂ ಬಾಗಿಲಿಗೆ ಕೈ ಹಾಕದಂತೆ ಕಾರಿನ ಹಿಂದೆ ಅಡ್ಡ ನಿಂತರು.

“ಏಯ್, ಇಳೀರಿ! ಆಂಬುಲೆನ್ಸ್‌ಗೆ ಹೇಳ್ತೀವಿ, ಇಳೀರಿ ಮೊದ್ಲು!” ಅಂತ ಕೂಗುತ್ತ ಯಜಮಾನರು ಕಾರಿನ ಮುಂದಕ್ಕೆ ಬಂದರು.

ಡ್ರೈವರು ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದ. ಕನ್ನಡಿಯಲ್ಲಿ ಹಿಂದಿನ ಸೀಟಿನ ಆ ಕೈ ನೋಡಿದ. ಆಮೇಲೆ ಗಾಜಿನಾಚೆ ಯಜಮಾನರ ಮುಖ ನೋಡಿದ, ನೋಡುತ್ತಲೇ ಇದ್ದ.

“ಅವನ ಮುಖ ಯಾಕ್ ನೋಡ್ತೀಯೋ ಅಣ್ಣಾ,” ಅಂದಳು ಬಜಾರಿ. “ದಾರಿ ನೋಡು.”