ಹೊಸ ಮಷೀನಿಗೆ ಜಾಗ

"ಈ ನೆಲ ಎಷ್ಟು ಭಾರ ತಡೆಯುತ್ತೆ ಅಂತ ಕೇಳ್ತಿದಾರೆ" ಎಂದಳು ದುಭಾಷಿ. ಕೇಳಿದವನು ಅವಳ ಪಕ್ಕದಲ್ಲಿದ್ದ ಪರದೇಶಿ ಎಂಜಿನಿಯರ್.

ಸರ್ಕಾರಿ ಮುದ್ರಣಾಲಯದ ಹಿರಿಯ ಮಷೀನ್‌ಮ್ಯಾನ್ ನಕ್ಕ. ಅವನು ಅವಳ ಸೋದರಮಾವ. "ಆನೆ ಕುಣಿಸಿದ್ರೂ ಅಲ್ಲಾಡಲ್ಲ ಅಂತ ಹೇಳಮ್ಮ. ಎಂಥ ಮಷೀನ್ ಬೇಕಾದ್ರೂ ತರ್ಲಿ."

ಸುತ್ತ ನಿಂತವರೂ ನಕ್ಕರು. ಪಠ್ಯಪುಸ್ತಕ ಅಚ್ಚುಹಾಕುವ ಗುತ್ತಿಗೆ ಪರದೇಶದ ಕಂಪನಿಗೆ ಹೋಯಿತೆಂದು ಕೇಳಿದಾಗ ಇದೇ ಜನ ಊಟ ನಿದ್ದೆ ಬಿಟ್ಟಿದ್ದರು. ಮಾವನೇ ಮುಂದೆ ನಿಂತು ಕೋರ್ಟಿನಲ್ಲಿ ದಾವೆ ಹೂಡಿಸಿದ್ದ. ಈಗ ಆ ಕಂಪನಿಯ ಎಂಜಿನಿಯರೇ ಬಂದು ಟೇಪು ಹಿಡಿದು ನೆಲ ಅಳೆಯುತ್ತಿದ್ದಾನೆ. ಅವರ ಹೊಸ ಮಷೀನ್ ಇಲ್ಲಿಗೇ ಬರುತ್ತದೆ, ಯಾರ ಕೆಲಸಕ್ಕೂ ಕುತ್ತಿಲ್ಲ ಎಂದು ಇಲಾಖೆಯ ಕಾರ್ಯದರ್ಶಿ ಎಲ್ಲರನ್ನೂ ನಂಬಿಸಿದ್ದರು.

ನಿಜ ಬೇರೆ ಇತ್ತು. ಬರುವಾಗ ಕಾರಿನಲ್ಲಿ ಎಂಜಿನಿಯರ್ ಹೇಳಿದ್ದನ್ನು ಕಾರ್ಯದರ್ಶಿಗೆ ತಿಳಿಸಿದವಳು ಅವಳೇ. ಪುಸ್ತಕ ಅಚ್ಚಾಗುವುದು ಅವರ ದೇಶದಲ್ಲಿ. ಇಲ್ಲಿನ ಮಷೀನುಗಳೆಲ್ಲ ಗುಜರಿಗೆ. ಹಡಗಿನಲ್ಲಿ ಬಂದ ಪುಸ್ತಕದ ಕಟ್ಟುಗಳನ್ನು ಇಲ್ಲಿ ಸೂರಿನವರೆಗೆ ಪೇರಿಸುತ್ತಾರೆ. ನೆಲ ಹೊರಬೇಕಾದದ್ದು ಆ ಭಾರವನ್ನು. ಕಾರಿನಿಂದ ಇಳಿಯುವಾಗ ಕಾರ್ಯದರ್ಶಿ ಮೆಲ್ಲಗೆ ಅಂದಿದ್ದರು: "ಕೇಳಿದ್ದು ಕಿವಿಯಲ್ಲೇ ಇರ್ಲಿ. ನಿಮ್ಮ ಯಜಮಾನ್ರು ನಮ್ಮ ಇಲಾಖೆಯಲ್ಲೇ ಅಲ್ವಾ? ಇನ್ನೂ ಕಾಯಂ ಆಗಿಲ್ಲ, ಪಾಪ."

ಆ 'ಪಾಪ' ಅವಳ ಕಿವಿಯಲ್ಲೇ ಉಳಿದಿತ್ತು.

"ಸುಮ್ಸುಮ್ನೆ ಹೆದರಿಬಿಟ್ವಿ ನೋಡು" ಎಂದ ಮಾವ, ಮಸಿ ಹತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ. "ನಾಳೆ ಕೇಸು ವಾಪಸ್ ತಗೋತೀವಿ ಅಂತ ಸಾಹೇಬ್ರಿಗೆ ಮಾತು ಕೊಟ್ಟಿದೀನಿ. ಅಲ್ಲಾ, ನಿನ್ನ ಮುಖ ಯಾಕೆ ಹೀಗೆ ಬಿಳುಚ್ಕೊಂಡಿದೆ?"

"ಏನಿಲ್ಲ ಮಾವ. ಬಿಸಿಲಿಗೆ."

ಕಾರ್ಯದರ್ಶಿ ಒಂದು ಹೆಜ್ಜೆ ಹತ್ತಿರ ಬಂದರು. ಫೋನು ನೋಡುತ್ತಿದ್ದರು, ಹೆಬ್ಬೆರಳು ಮಾತ್ರ ಆಡುತ್ತಿರಲಿಲ್ಲ.

ಎಂಜಿನಿಯರ್ ಹಾಲ್‌ನ ನಡುವಿನ ಕಂಬ ತಟ್ಟಿ ಏನೋ ಕೇಳಿದ. ಎಲ್ಲರೂ ಅವಳ ಬಾಯಿ ನೋಡಿದರು.

"ಏನಂತೆ?" ಎಂದ ಮಾವ.

ಅವಳು ಬಾಯಿ ತೆರೆಯುವ ಮೊದಲೇ ಕಾರ್ಯದರ್ಶಿ ಹೇಳಿದರು: "ಮಷೀನ್ ಒಳಗೆ ತರೋಕೆ ದಾರಿ ಕೇಳ್ತಿರ್ಬೇಕು. ಅಲ್ವೇನಮ್ಮಾ?"

ತಲೆಯಾಡಿಸಿದ್ದರೆ ಸಾಕಿತ್ತು. ಬೆಳಿಗ್ಗೆ ಗಂಡ ತನಗಿರುವ ಎರಡು ಒಳ್ಳೆಯ ಅಂಗಿಗಳಲ್ಲಿ ಒಂದಕ್ಕೆ ಇಸ್ತ್ರಿ ಹಾಕುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ನಾಳೆ ಮಾವ ಇದೇ ನಗುಮುಖ ಹೊತ್ತು ಕೋರ್ಟಿನ ಮೆಟ್ಟಿಲು ಹತ್ತುವುದೂ.

"ಅಲ್ಲ ಸಾರ್." ದನಿ ತನ್ನದೇ ಎಂದು ಅವಳಿಗೇ ಅನ್ನಿಸಲಿಲ್ಲ. "ಪುಸ್ತಕದ ಲಾರಿ ಒಳಗೆ ಬರೋಕೆ ಈ ಕಂಬ ತೆಗೀಬಹುದಾ ಅಂತಿದಾರೆ. ಮಾವ, ಇದು ಗೋಡೌನ್ ಆಗುತ್ತೆ. ಅಚ್ಚೆಲ್ಲ ಅವರ ದೇಶದಲ್ಲೇ. ಕೇಸು ವಾಪಸ್ ತಗೋಬೇಡಿ."

ಕಾರ್ಯದರ್ಶಿ ಅವಳತ್ತ ನೋಡಲೂ ಇಲ್ಲ. ಫೋನು ಕಿವಿಗಿಟ್ಟುಕೊಂಡು ಹೊರಗೆ ನಡೆದರು. ಏನೂ ಅರ್ಥವಾಗದ ಎಂಜಿನಿಯರ್ ಉತ್ತರ ಬರೆದುಕೊಳ್ಳಲು ಪೆನ್ಸಿಲ್ ಹಿಡಿದು ನಗುತ್ತಾ ಕಾಯುತ್ತಿದ್ದ. ಮಾವ ನಿಧಾನವಾಗಿ ಹೋಗಿ ಆ ಕಂಬಕ್ಕೆ ಬೆನ್ನು ಕೊಟ್ಟು ನಿಂತ.

ಕಿಟಕಿಯಾಚೆ ಬಿಸಿಲಿನಲ್ಲಿ ಕಾರ್ಯದರ್ಶಿಯ ತುಟಿಗಳು ಕಾಣುತ್ತಿದ್ದವು. ಯಾರದೋ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುತ್ತಿದ್ದಂತಿತ್ತು.